ಚೆಂಡು ಗೋಡೆ ದಾಟಿ ಹೋದರೆ ಅದೂ ಪಾಠವೇ

ಕಂಪ್ಯೂಟರ್ ಆಟ ಎಂದ ಕೂಡಲೇ ಶಿಕ್ಷಕರ ಕೊಠಡಿಯಲ್ಲಿ ಎರಡು ಮಾತು ಕೇಳಿಬರುತ್ತವೆ. ಮಕ್ಕಳು ಹಾಳಾದದ್ದೇ ಅದರಿಂದ ಎನ್ನುವುದು ಒಂದು. ಕೋಡಿಂಗ್ ಕಲಿತರೆ ಮುಂದೆ ಕೆಲಸ ಗ್ಯಾರಂಟಿ ಎನ್ನುವುದು ಇನ್ನೊಂದು. ನನಗೆ ಎರಡರಲ್ಲೂ ಆಸಕ್ತಿಯಿಲ್ಲ. ಎರಡು ಆಯಾಮದ ಒಂದು ಸಣ್ಣ ಆಟವನ್ನು ತಾನೇ ಬರೆಯಲು ಕುಳಿತ ಒಂಬತ್ತನೇ ತರಗತಿಯ ಮಗು ನಿರ್ದೇಶಾಂಕ, ವೇಗ, ವೇಗೋತ್ಕರ್ಷಗಳನ್ನು ಮುಟ್ಟದೆ ಒಂದು ಹೆಜ್ಜೆಯೂ ಮುಂದೆ ಹೋಗಲಾರದು. ಹಾಗಾಗಿ ಈ ಕೆಲಸ ಗಣಿತ ಮತ್ತು ಭೌತವಿಜ್ಞಾನದ ಅವಧಿಗೆ ಸೇರಬೇಕು. ನಮ್ಮ ಅಭ್ಯಾಸ ಬೋಧನೆಯಲ್ಲಿ ಅದಕ್ಕೆ ಜಾಗ ಸಿಗಬೇಕು.

ಯಾವುದರಿಂದ ಶುರು ಮಾಡಬೇಕು ಎಂದು ಸಹಪಾಠಿಗಳು ಕೇಳುತ್ತಾರೆ. ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದ ಸ್ಕ್ರ್ಯಾಚ್ ಉಚಿತ, ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ. ಅದರ ವೇದಿಕೆಯ ಅಗಲ 480, ಎತ್ತರ 360, ಮೂಲಬಿಂದು ನಟ್ಟನಡುವೆ. ಎಡಕ್ಕೆ ಋಣ 240, ಬಲಕ್ಕೆ ಧನ 240, ಮೇಲಕ್ಕೆ ಹೋದರೆ ವೈ ಹೆಚ್ಚುತ್ತದೆ. ಪಠ್ಯಪುಸ್ತಕದ ನಕ್ಷೆಯೂ ಹೀಗೇ ಇದೆ. ಪೈಥಾನ್‌ನ ಪೈಗೇಮ್‌ನಲ್ಲಾದರೆ ಮೂಲಬಿಂದು ಎಡ ಮೇಲ್ಮೂಲೆಯಲ್ಲಿ, ವೈ ಕೆಳಗೆ ಹೋದಂತೆ ಹೆಚ್ಚುತ್ತದೆ. ಹಳೆಯ ಪರದೆಗಳಲ್ಲಿ ಚಿತ್ರ ಮೇಲಿನ ಸಾಲಿನಿಂದ ಕೆಳಕ್ಕೆ ಮೂಡುತ್ತಿದ್ದುದರ ಗುರುತು ಅದು. ಆಗಷ್ಟೇ ನಕ್ಷೆ ಬಿಡಿಸಲು ಕಲಿತ ಮಗುವಿಗೆ ಈ ತಲೆಕೆಳಗು ಬೇಡ. ಮೊದಲು ಸ್ಕ್ರ್ಯಾಚ್, ಪೈಗೇಮ್ ಆಮೇಲೆ.

ಹೊಸಬರು ಎಡವುವ ಮೊದಲ ಜಾಗ 'ಎಕ್ಸ್ = ಎಕ್ಸ್ + 1' ಎಂಬ ಸಾಲು. ಪೈಥಾನ್‌ನಲ್ಲಿ ಇದು ದಿನನಿತ್ಯದ ಮಾತು. ಬೀಜಗಣಿತ ಓದಿದ ಮಗು ಎರಡೂ ಬದಿಯಿಂದ ಎಕ್ಸ್ ಕಳೆದು, 'ಸೊನ್ನೆ ಒಂದಕ್ಕೆ ಸಮ ಹೇಗಾಗುತ್ತದೆ ಮಿಸ್?' ಎಂದು ಕೇಳಿದರೆ ಬೈಯುವ ಹಾಗಿಲ್ಲ, ಬೆನ್ನು ತಟ್ಟಬೇಕು. ಅಲ್ಲಿರುವ ಚಿಹ್ನೆ ಸಮತೆಯನ್ನು ಹೇಳುತ್ತಿಲ್ಲ. 'ಈಗಿರುವ ಎಕ್ಸ್‌ಗೆ ಒಂದು ಕೂಡಿಸಿ ಮತ್ತೆ ಅದೇ ಡಬ್ಬಿಯಲ್ಲಿಡು' ಎಂಬ ಆಜ್ಞೆ ಅದು. ಸಮೀಕರಣ ಎಂದರೇನು ಎಂಬುದನ್ನು ಇಷ್ಟು ಚೆನ್ನಾಗಿ ಬಿಡಿಸಿ ಹೇಳುವ ಅವಕಾಶ ಬೀಜಗಣಿತದ ಪಾಠದಲ್ಲೇ ಅಪರೂಪ.

ನನಗೆ ಬಹಳ ಹಿಡಿಸಿದ್ದು ಬೀಳುವ ಚೆಂಡು. ಆಟದಲ್ಲಿ ಗುರುತ್ವ ಎಂದರೆ ಎರಡೇ ಸಾಲು: ಪ್ರತಿ ಫ್ರೇಮಿಗೂ ವೇಗದಿಂದ ಒಂದು ಕಳೆ, ಆ ವೇಗವನ್ನು ವೈಗೆ ಕೂಡಿಸು. ಚೆಂಡನ್ನು 100ರ ಎತ್ತರದಿಂದ ಬಿಟ್ಟರೆ ವೈ 99, 97, 94, 90, 85 ಎಂದು ಇಳಿಯುತ್ತದೆ. ಬಿದ್ದ ದೂರ 1, 3, 6, 10, 15. ಮಕ್ಕಳು ಇದನ್ನು ಎಲ್ಲೋ ನೋಡಿದ್ದೇವೆ ಎನ್ನುತ್ತಾರೆ, ತ್ರಿಭುಜ ಸಂಖ್ಯೆಗಳು. ಇನ್ನು ವಿಜ್ಞಾನ ಪುಸ್ತಕದ 'ಚಲನೆ' ಪಾಠದ ಸೂತ್ರ ಹಾಕಿ. ವೇಗೋತ್ಕರ್ಷ 1, ಕಾಲ 5 ಆದಾಗ ಬೀಳಬೇಕಾದ ದೂರ 12.5. ಆಟ 15 ಎನ್ನುತ್ತಿದೆ! ಯಾವುದು ಸರಿ? ಫ್ರೇಮನ್ನು ಅರ್ಧಕ್ಕೆ ಸೀಳಿ, ಐದರ ಬದಲು ಹತ್ತು ಹೆಜ್ಜೆಯಲ್ಲಿ ಅದೇ ಲೆಕ್ಕ ಮಾಡಿದರೆ 13.75 ಬರುತ್ತದೆ. ಹೆಜ್ಜೆ ಚಿಕ್ಕದಾದಷ್ಟೂ ಆಟ ಸೂತ್ರದ ಹತ್ತಿರಕ್ಕೆ ಸರಿಯುತ್ತದೆ. ಬಿಎಸ್ಸಿಯಲ್ಲಿ ಮೂರು ವರ್ಷ ಕಲನಶಾಸ್ತ್ರ ಓದಿದ ನನಗೂ ಪರಿಮಿತಿ ಎಂಬುದು ಇಷ್ಟು ಕೈಗೆ ಸಿಗುವ ವಸ್ತುವಾಗಿ ಕಂಡಿರಲಿಲ್ಲ.

ಚೆಂಡಿನ ವೇಗ ಹೆಚ್ಚಿಸಿದರೆ ಇನ್ನೊಂದು ತಮಾಷೆ. ಫ್ರೇಮಿಗೆ 40 ಬಿಂದು ಓಡುವ ಸಣ್ಣ ಚೆಂಡು 8 ಬಿಂದು ದಪ್ಪದ ಗೋಡೆಯನ್ನು ಮುಟ್ಟದೆಯೇ ದಾಟಿ ಹೋಗಬಹುದು. ಒಂದು ಫ್ರೇಮಿನಲ್ಲಿ ಗೋಡೆಯ ಈಚೆ, ಮುಂದಿನದರಲ್ಲಿ ಆಚೆ. ನಡುವೆ ಏನಾಯಿತೆಂದು ಕಂಪ್ಯೂಟರ್ ನೋಡಲೇ ಇಲ್ಲ. ಆಜ್ಞೆಗಳೆಲ್ಲ ಸರಿಯಿದ್ದೂ ಫಲ ತಪ್ಪು. ಏಕೆ ಎಂದು ಮಗು ಕಾಗದದ ಮೇಲೆ ಗುರುತು ಹಾಕಿ ಹುಡುಕಬೇಕು. ಲೋಗೊ ಭಾಷೆಯನ್ನು ರೂಪಿಸಿದವರಲ್ಲಿ ಒಬ್ಬರಾದ ಸೇಮರ್ ಪೇಪರ್ಟ್ 1980ರ 'ಮೈಂಡ್‌ಸ್ಟಾರ್ಮ್ಸ್' ಪುಸ್ತಕದಲ್ಲಿ ಒತ್ತಿ ಹೇಳಿದ್ದೂ ಇದನ್ನೇ: ಪ್ರೋಗ್ರಾಂ ಬರೆಯುವವರಿಗೆ ದೋಷ ಎಂದರೆ ಹುಡುಕಿ ತಿದ್ದುವ ವಸ್ತು, ಅವಮಾನವಲ್ಲ.

ನಮ್ಮ ಪಾಠ ಯೋಜನೆಗೆ ಇದು ಹೊಂದುವುದಿಲ್ಲ ಎನ್ನುವುದೇ ತೊಡಕು. 5ಇ ಮಾದರಿಯ ಕೋಷ್ಟಕದಲ್ಲಿ ಪರಿಶೋಧನೆಗೆ ಒಂದು ಕಲಂ ಇದೆ, ನಿಜ. ಆದರೆ 40 ನಿಮಿಷದಲ್ಲಿ ಐದೂ ಹಂತ ಮುಗಿದು ಮೌಲ್ಯಮಾಪನದ ಪ್ರಶ್ನೆಗೆ ಮಕ್ಕಳು ಒಕ್ಕೊರಲಿನಿಂದ ಉತ್ತರ ಹೇಳಿದರೆ ಮಾತ್ರ ಪಾಠ ಯಶಸ್ವಿ. ದೋಷ ಹುಡುಕುವ ತರಗತಿ ಹಾಗಿರುವುದಿಲ್ಲ. ಗದ್ದಲ ಇರುತ್ತದೆ, ಗಂಟೆ ಹೊಡೆದಾಗ ಅರ್ಧ ಮಕ್ಕಳ ಚೆಂಡು ಇನ್ನೂ ಗೋಡೆ ತೂರುತ್ತಿರುತ್ತದೆ. ವೀಕ್ಷಣಾ ನಮೂನೆಯಲ್ಲಿ ತರಗತಿ ನಿರ್ವಹಣೆಗೆ ಅಂಕ ಕಳೆಯುತ್ತದೆಂದು ಗೊತ್ತಿರುವ ಪ್ರಶಿಕ್ಷಣಾರ್ಥಿ ಏನು ಮಾಡಿಯಾನು? ಸಿದ್ಧ ಆಟವೊಂದನ್ನು ತೋರಿಸಿ, ಸಾಲು ಸಾಲಾಗಿ ನಕಲು ಮಾಡಿಸಿ, ಎಲ್ಲರ ಪರದೆಯ ಮೇಲೂ ಒಂದೇ ಬೆಕ್ಕು ಓಡುವಂತೆ ಮಾಡುತ್ತಾನೆ. ಅದಕ್ಕಿಂತ ಮಗ್ಗಿ ಬರೆಸುವುದು ಲೇಸು.

ಕಂಪ್ಯೂಟರೇ ಇಲ್ಲವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ನಾನು ಪಾಠ ಮಾಡಿದ ಶಾಲೆಯಲ್ಲಿ 43 ಮಕ್ಕಳಿಗೆ ನಡೆಯುತ್ತಿದ್ದ ಯಂತ್ರ ಐದು. ಆದರೆ ಮೇಲಿನ ಬೀಳುವ ಚೆಂಡಿನ ಲೆಕ್ಕಕ್ಕೆ ಕಪ್ಪುಹಲಗೆ ಸಾಕು. ಅಂಗಳದಲ್ಲಿ ಸೀಮೆಸುಣ್ಣದ ಚೌಕ ಎಳೆದು ಒಬ್ಬಳನ್ನು ಚೆಂಡು ಮಾಡಿ, ಚಪ್ಪಾಳೆಗೊಂದು ಫ್ರೇಮ್ ಎಂದು ನಡೆಸಿದರೆ ಗೋಡೆ ತೂರುವುದೂ ಕಣ್ಣಿಗೆ ಕಾಣುತ್ತದೆ. ಯಂತ್ರದ ಮುಂದೆ ಸರದಿ ಬರುವ ಹೊತ್ತಿಗೆ ಏನು ಬರೆಯಬೇಕೆಂದು ಗುಂಪಿಗೆ ಗೊತ್ತಿರುತ್ತದೆ.

ಉಪನ್ಯಾಸಕರಲ್ಲಿ ನನ್ನ ಕೋರಿಕೆ ಎರಡು. ಐಸಿಟಿ ಪ್ರಾಯೋಗಿಕ ದಾಖಲೆಯಲ್ಲಿ ಸ್ಲೈಡ್‌ಗಳ ಜೊತೆಗೆ, ಪ್ರಶಿಕ್ಷಣಾರ್ಥಿ ತಾನೇ ಬರೆದ ಒಂದು ಪುಟ್ಟ ಆಟವನ್ನೂ, ಬರೆಯುವಾಗ ಎದುರಾದ ದೋಷಗಳ ಪಟ್ಟಿಯನ್ನೂ ಕೇಳಿರಿ. ಗಣಿತ, ವಿಜ್ಞಾನ ವಿಧಾನದವರಿಗೆ ವರ್ಷಕ್ಕೊಂದಾದರೂ ಜೋಡಿ ಅವಧಿಯ ಪಾಠ ಕೊಡಿರಿ. ಅದರ ವೀಕ್ಷಣಾ ನಮೂನೆಯಲ್ಲಿ 'ಪಾಠ ಪೂರ್ಣಗೊಂಡಿತೇ' ಎಂಬ ಸಾಲಿನ ಜಾಗದಲ್ಲಿ 'ಮಕ್ಕಳು ತಾವೇ ಹುಡುಕಿದ ದೋಷಗಳೆಷ್ಟು' ಎಂದು ಬರೆಯಲು ಒಂದು ಖಾಲಿ ಗೆರೆ ಇರಲಿ.