ಹೋದ ಸಲದ ಸಿರಪ್ ಬಾಟಲಿ

ಚಳಿ ಶುರುವಾಯಿತೆಂದರೆ ಶ್ರೀಗಂಧದ ಕಾವಲ್‌ನಲ್ಲಿ ಮದ್ರಸದ ಅರ್ಧ ಮಕ್ಕಳಿಗೆ ಕೆಮ್ಮು. ಮದ್ದು ಕೊಟ್ಟಿರಾ ಎಂದು ಕೇಳಿದರೆ, ‘ಹೌದು ಉಸ್ತಾದ್, ಹೋದ ಸಲದ ಸಿರಪ್ ಉಳಿದಿತ್ತು, ಅದನ್ನೇ ಹಾಕಿದೆ’ ಎನ್ನುತ್ತಾರೆ ತಾಯಂದಿರು. ಹೋದ ಸಲ ಡಾಕ್ಟರು ಬರೆದುಕೊಟ್ಟದ್ದು ಅಣ್ಣನಿಗೆ, ಈ ಸಲ ಕುಡಿದದ್ದು ತಂಗಿ. ಈ ಅಭ್ಯಾಸ ನಮ್ಮ ಮನೆಗಳಿಂದ ಹೋಗಲೇಬೇಕು.

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಕಡೆ ‘ಕೋಲ್ಡ್ರಿಫ್’ ಎಂಬ ಕೆಮ್ಮಿನ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ಕಿಡ್ನಿ ಕೆಟ್ಟು ತೀರಿಕೊಂಡರು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷವಿತ್ತು. ಡಾಕ್ಟರ ಚೀಟಿಯಲ್ಲಿ ಬಂದ ಮದ್ದೇ ಹಾಗಾಯಿತು. ಹಾಗಿರುವಾಗ ಯಾರನ್ನೂ ಕೇಳದೆ ಚಮಚದಲ್ಲಿ ಅಳೆದು ಹಾಕಲು ನಮಗೆ ಎಲ್ಲಿಂದ ಬಂತು ಧೈರ್ಯ? ಎಲ್ಲ ಸಿರಪ್ ವಿಷ ಅಂತ ನಾವು ಹೇಳುವುದಿಲ್ಲ. ಆದರೆ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ಶೀತದ ಮದ್ದು ಬೇಡವೇ ಬೇಡ, ಐದರೊಳಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆಯೇ ಆಗ ತಿಳಿಸಿತು.

ಮಾಮೂಲಿ ಕೆಮ್ಮು ಶೀತದ ವೈರಸ್‌ನಿಂದ ಬರುವುದು. ಹೆಚ್ಚಾಗಿ ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಬಿಸಿ ಗಂಜಿ, ಬೆಚ್ಚಗಿನ ನೀರು, ಮಲಗುವ ಮೊದಲು ಒಂದು ಚಮಚ ಜೇನು ಸಾಕು. ಜೇನಿನಲ್ಲಿ ಶಿಫಾ ಇದೆಯೆಂದು ಸೂರಃ ಅನ್ನಹ್ಲ್‌ನಲ್ಲಿ ಓದಿದವರೇ ನಾವು. ಆದರೂ ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು, ಅದರಲ್ಲಿರಬಹುದಾದ ಒಂದು ರೋಗಾಣುವನ್ನು ಎಳೆಯ ಕರುಳು ತಡೆಯದು. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವ ಅಜ್ಜಿಯಂದಿರಿಗೆ ಬೇಸರವಾದೀತು, ಆಗಲಿ. ಕೆಮ್ಮುವ ಮಗು ಮಲಗುವ ಕೋಣೆಯಲ್ಲಿ ಊದಿನ ಹೊಗೆ, ಸೊಳ್ಳೆಬತ್ತಿಯೂ ಬೇಡ.

ಮಗು ಮಲಗಿರುವಾಗ ಅಂಗಿ ಎತ್ತಿ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಹೆಚ್ಚಿದ್ದರೆ ಅದು ಬರೀ ಶೀತವಲ್ಲ, ನ್ಯುಮೋನಿಯಾ ಇರಬಹುದು. ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಗೆ ಗುಂಡಿ ಬಿದ್ದರೆ, ಹಾಲು ಕುಡಿಯದಿದ್ದರೆ, ತುಟಿ ನೀಲಿಯಾದರೆ ಬೆಳಗಾಗುವುದನ್ನು ಕಾಯಬೇಡಿ. ಇಂಥ ಹೊತ್ತಲ್ಲೂ ‘ನೀರು ಮಂತ್ರಿಸಿ ಕೊಡಿ ಉಸ್ತಾದ್’ ಎಂದು ಬರುವವರಿದ್ದಾರೆ. ಊದಿ ಕೊಡುತ್ತೇವೆ, ದುಆ ಮಾಡುತ್ತೇವೆ. ಮೊದಲು ಆಟೋ ಹತ್ತಿ, ದುಆ ದಾರಿಯಲ್ಲೂ ಆಗುತ್ತದೆ. ಮದ್ದು ಮಾಡಿಸುವುದೂ ಸುನ್ನತ್ತೇ.

ದೊಡ್ಡವರ ಕೆಮ್ಮಿನ ಮಾತೇ ಬೇರೆ. ಊರಿಂದ ಬಂದು ಹೋಟೆಲು, ಬೇಕರಿಗಳಲ್ಲಿ ದುಡಿಯುವ ನಮ್ಮ ಹುಡುಗರು ಒಂದೇ ರೂಮಿನಲ್ಲಿ ಐದಾರು ಮಂದಿ ಮಲಗುತ್ತಾರೆ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ ಇದ್ದರೆ ಕಫ ಪರೀಕ್ಷೆ ಮಾಡಿಸಲೇಬೇಕು. ಟಿ.ಬಿ. ಎಂದು ಗೊತ್ತಾದರೆ ಮದುವೆ ಮಾತುಕತೆ ಮುರಿಯುತ್ತದೆಂದು ಮುಚ್ಚಿಡುತ್ತಾರೆ. ಅಷ್ಟರಲ್ಲಿ ಪಕ್ಕದ ಚಾಪೆಯವನಿಗೂ ಹರಡಿರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಮದ್ದೂ ಪುಕ್ಕಟೆ. ಚಿಕಿತ್ಸೆ ಮುಗಿಯುವ ತನಕ ಊಟದ ಖರ್ಚಿಗೆಂದು ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಮಾತ್ರೆ ನುಂಗಿದರೆ ಗುಣವಾಗುವ ಕಾಯಿಲೆ ಇದು. ಹುಡುಗನ ಮನೆಯವರೂ ಹುಡುಗಿಯ ಮನೆಯವರೂ ಇದನ್ನು ತಿಳಿದುಕೊಳ್ಳಲಿ.