ಎಳೆಯ ಶಿಶುವೂ ನೀಳವಾದ ಉಗುರೂ

ಹೆಣ್ಣುಮಕ್ಕಳ ಅಲಂಕಾರವನ್ನು ನಿಂದಿಸುವದು ನಮ್ಮಂಥ ಹಿರಿಯರಿಗೆ ಬಹು ಸುಲಭವಾದ ಕೆಲಸ. ನಾವು ಹುಡುಗಿಯರಾಗಿದ್ದ ಕಾಲದಲ್ಲಿ ನಮ್ಮ ಹಿರಿಯರು ನಮ್ಮ ಎತ್ತರ ಹಿಮ್ಮಡಿಯ ಚಪ್ಪಲಿಗಳನ್ನು ನಿಂದಿಸಿದ್ದುಂಟು. ಅದರಿಂದ ಯಾರಿಗೂ ಪ್ರಯೋಜನವಾದದ್ದು ನಮಗೆ ನೆನಪಿಲ್ಲ. ಆದಕಾರಣ ಕೃತಕ ಉಗುರುಗಳ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಹೊರಟ ನಾವು, ಇದು ಅಲಂಕಾರದ ಮೇಲಣ ದೂರಲ್ಲವೆಂದು ಮೊದಲೇ ಅರಿಕೆಮಾಡಿಕೊಳ್ಳುತ್ತೇವೆ. ಮದುವೆಯ ಚಪ್ಪರದಲ್ಲಿ ಚೆಂದವಾದದ್ದು ತೊಟ್ಟಿಲ ಬಳಿಯಲ್ಲಿಯೂ ತಕ್ಕದ್ದೋ ಎಂಬುದಷ್ಟೇ ನಮ್ಮ ಪ್ರಶ್ನೆ.

ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಗಳ ಕಡೆಯಲ್ಲಿ ಮದುವೆಗೂ ಸೀಮಂತಕ್ಕೂ ಕೃತಕ ಉಗುರು ಧರಿಸುವದು ಈಗ ಅಪೂರ್ವವಲ್ಲ. ಕೆಲವರು ಪ್ಲಾಸ್ಟಿಕ್ ಉಗುರುಗಳನ್ನು ತರಿಸಿ ಅಂಟಿನಿಂದ ಅಂಟಿಸಿಕೊಳ್ಳುವರು. ಕೆಲವರು ಪಾರ್ಲರಿಗೆ ಹೋಗಿ, ಅಕ್ರಿಲಿಕ್ ಪುಡಿಯನ್ನು ದ್ರವದೊಂದಿಗೆ ಕಲಸಿ ಉಗುರಿನ ಮೇಲೆ ಕಟ್ಟಿಸಿಕೊಳ್ಳುವರು. ಮತ್ತೆ ಕೆಲವರು ಜೆಲ್ ಹಚ್ಚಿಸಿ ದೀಪದ ಅಡಿಯಲ್ಲಿ ಅದನ್ನು ಗಟ್ಟಿಮಾಡಿಸಿಕೊಳ್ಳುವರು. ಸೀಮಂತದ ಚಿತ್ರಕ್ಕೆಂದು ಹಾಕಿಸಿದ ಉಗುರು ಹೆರಿಗೆಯ ದಿನಕ್ಕೂ ಬೆರಳ ಮೇಲೆಯೇ ಉಳಿಯುವದುಂಟು. ಪ್ರಶ್ನೆಯು ಅಲ್ಲಿಂದ ಆರಂಭವಾಗುತ್ತದೆ.

ಹೋದ ಮಳೆಗಾಲದಲ್ಲಿ ಬೆಳ್ತಂಗಡಿ ತಾಲೂಕಿನ ಒಂದು ಮನೆಗೆ ಮಗುವನ್ನು ನೋಡುವದಕ್ಕೆ ಹೋಗಿದ್ದೆವು. ಬಾಳಂತಿಯು ನಮ್ಮ ಹಳೆಯ ವಿದ್ಯಾರ್ಥಿನಿ. ಚೊಚ್ಚಲ ಹೆರಿಗೆಗೆ ತಾಯಿಮನೆಗೆ ಬಂದಿದ್ದಳು. ಮಗುವಿನ ಕೆನ್ನೆಯ ಮೇಲೆ, ಕಣ್ಣಿಗೆ ಬಹು ಸಮೀಪವಾಗಿ, ಕೆಂಪಾದ ಒಂದು ಗೀರು ಕಾಣಿಸಿತು. ನಾವು ಕೇಳುವ ಮೊದಲೇ ಅಜ್ಜಿಯಾದಾಕೆಯು, “ಟೀಚರೇ, ಇವಳ ಉಗುರು ನೋಡಿದಿರಾ? ನಾನು ಹೇಳಿದರೆ ಕೇಳುವದಿಲ್ಲ. ನೀವಾದರೂ ಬುದ್ಧಿ ಹೇಳಿ” ಎಂದು ಮಗಳ ಕೈಯನ್ನು ಎತ್ತಿ ತೋರಿಸಿದಳು. ಮಗಳ ಕಣ್ಣಲ್ಲಿ ನೀರು ತುಂಬಿತು. “ನಾನು ಗೀರಲಿಲ್ಲ ಟೀಚರೇ. ಮಗುವಿನ ಉಗುರೇ ತಾಗಿದ್ದು. ಅದನ್ನು ಕತ್ತರಿಸುವ ಅಂದರೆ ಈ ಕೈಯಲ್ಲಿ ಆ ಸಣ್ಣ ಕತ್ತರಿ ಹಿಡಿಯಲಿಕ್ಕೇ ಆಗುವದಿಲ್ಲ” ಎಂದಳು. ನೋಡಿದರೆ ಮಾತು ನಿಜವಾಗಿತ್ತು. ಅಜ್ಜಿಯ ಮುಂದೆ ಬೀಡಿಯ ಗೆರಸೆಯಿತ್ತು. ಎಲೆಯ ತುದಿಯನ್ನು ಮಡಚುವದಕ್ಕೆಂದು ಆಕೆಯೂ ಹೆಬ್ಬೆರಳಿನ ಉಗುರನ್ನು ಬೆಳೆಸಿಕೊಂಡಿದ್ದಳು. ಅದರ ಅಡಿಯಲ್ಲಿ ಹೊಗೆಸೊಪ್ಪಿನ ಹುಡಿ ಕಪ್ಪಾಗಿ ಕೂತಿತ್ತು. ಮಗು ಅತ್ತಾಗ ಆ ಕೈಯನ್ನು ಸೀರೆಯ ಸೆರಗಿಗೆ ಒರೆಸಿ ಎತ್ತಿಕೊಂಡವಳೂ ಆಕೆಯೇ.

ಆ ಮನೆಯಲ್ಲಿ ತಪ್ಪು ಯಾರದೆಂದು ತೀರ್ಪು ಕೊಡುವದಕ್ಕೆ ನಾವು ಹೋಗಿರಲಿಲ್ಲ. ಆದರೆ ದಾರಿಯುದ್ದಕ್ಕೂ ಒಂದು ಯೋಚನೆ ನಮ್ಮನ್ನು ಬಿಡಲಿಲ್ಲ. ಬಣ್ಣದ ಉಗುರು ಎಲ್ಲರ ಕಣ್ಣಿಗೂ ಬಿತ್ತು. ಬಣ್ಣವಿಲ್ಲದ ಉಗುರು ಯಾರ ಕಣ್ಣಿಗೂ ಬೀಳಲಿಲ್ಲ. ಶಿಶುವಿಗಾದರೋ ಈ ಭೇದವಿಲ್ಲ.

ಉಗುರಿನ ಅಡಿಯು ಎಂಥ ಸ್ಥಳವೆಂಬದನ್ನು ಸ್ವಲ್ಪ ವಿಚಾರಿಸೋಣ. ಅಂಗೈಯನ್ನು ಸಾಬೂನಿನಿಂದ ಉಜ್ಜಿದರೆ ಕೊಳೆಯೂ ರೋಗಾಣುಗಳೂ ಬಹುಮಟ್ಟಿಗೆ ತೊಳೆದುಹೋಗುತ್ತವೆ. ಉಗುರು ಬೆರಳಿನ ತುದಿಯನ್ನು ದಾಟಿ ಬೆಳೆದಲ್ಲಿ ಅದರ ಅಡಿಯ ಸಂದಿಗೆ ಸಾಬೂನು ಸರಿಯಾಗಿ ತಲಪುವದಿಲ್ಲ. ಕೃತಕ ಉಗುರಿಗೆ ಇನ್ನೊಂದು ದೋಷವುಂಟು. ನಮ್ಮ ಸಹಜವಾದ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರು ಬೆಳೆಯುವದರಿಂದ, ಮೇಲೆ ಕಟ್ಟಿದ ಉಗುರು ಬುಡವನ್ನು ಬಿಟ್ಟು ಮುಂದಕ್ಕೆ ಸರಿಯುವದು. ಅಂಚು ಸಡಿಲವಾದಲ್ಲಿ ಎರಡರ ನಡುವೆ ನೀರು ಸೇರಿ ತೇವ ನಿಲ್ಲುವದು. ತೇವವಿದ್ದಲ್ಲಿ ರೋಗಾಣುಗಳಿಗೆ ಮನೆಕಟ್ಟಿ ಕೊಟ್ಟಂತಾಯಿತು.

ಕೈಯ ಮೂಲಕ ಸಾವು ಹರಡಬಹುದೆಂಬದು ಹೊಸ ಮಾತಲ್ಲ. 1847ರಲ್ಲಿ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ವೈದ್ಯನು, ಹೆಣಗಳನ್ನು ಕೊಯ್ದು ಪರೀಕ್ಷಿಸಿ ನೇರವಾಗಿ ಹೆರಿಗೆಯ ಕೋಣೆಗೆ ಬರುತ್ತಿದ್ದ ವೈದ್ಯರ ಕೈಗಳಿಂದಲೇ ಬಾಳಂತಿಯರಿಗೆ ಜ್ವರ ತಗಲುವದೆಂದು ಕಂಡುಕೊಂಡನು. ಬರೇ ಸಾಬೂನಿನಿಂದ ತೊಳೆದರೂ ಅವರ ಕೈಯ ದುರ್ಗಂಧ ಹೋಗದಿದ್ದದ್ದನ್ನು ಗಮನಿಸಿ, ಕ್ಲೋರಿನ್ ಸೇರಿದ ಸುಣ್ಣದ ನೀರಿನಲ್ಲಿ ಕೈತೊಳೆಯುವ ನಿಯಮವನ್ನು ತಂದನು. ಕೆಲವೇ ತಿಂಗಳುಗಳಲ್ಲಿ ಆ ವಿಭಾಗದಲ್ಲಿ ತಾಯಂದಿರ ಮರಣವು ಆಶ್ಚರ್ಯಕರವಾಗಿ ತಗ್ಗಿತು. ಆದಾಗ್ಯೂ ಅನೇಕ ವೈದ್ಯರು ತಮ್ಮ ಕೈ ಅಶುದ್ಧವೆಂಬ ಮಾತನ್ನು ಸಹಿಸಲಿಲ್ಲ. ಈ ಅಭಿಮಾನವು ವಿದ್ವಾಂಸರಲ್ಲಿಯೂ ಇತ್ತೆಂದ ಮೇಲೆ ನಮ್ಮ ಮನೆಗಳಲ್ಲಿ ಇರುವದು ವಿಚಿತ್ರವಲ್ಲ.

ನಮ್ಮ ಕಾಲಕ್ಕೆ ಹತ್ತಿರವಾದ ದೃಷ್ಟಾಂತವೂ ಉಂಟು. ಅಮೆರಿಕದ ಒಕ್ಲಹೋಮಾ ನಗರದಲ್ಲಿ, ಎಳೆಯ ಶಿಶುಗಳ ತೀವ್ರ ಚಿಕಿತ್ಸೆಯ ಒಂದು ವಿಭಾಗದಲ್ಲಿ, 1997ರ ಜನವರಿಯಿಂದ 1998ರ ಮಾರ್ಚಿನ ವರೆಗೆ ಸೇರಿದ 439 ಶಿಶುಗಳಲ್ಲಿ 46 ಶಿಶುಗಳಿಗೆ ಸೂಡೊಮೊನಾಸ್ ಎಂಬ ರೋಗಾಣು ತಗಲಿತು. ಅವುಗಳಲ್ಲಿ 16 ತೀರಿಹೋದವು. ತನಿಖೆಮಾಡಿದವರು ಇಬ್ಬರು ದಾದಿಯರ ಆರೈಕೆಗೂ ಈ ಸೋಂಕಿಗೂ ಸಂಬಂಧವನ್ನು ಕಂಡರು. ಒಬ್ಬಳದು ಉದ್ದವಾದ ಕೃತಕ ಉಗುರು, ಇನ್ನೊಬ್ಬಳದು ಉದ್ದವಾದ ಸಹಜ ಉಗುರು. ಉಗುರೊಂದೇ ಕಾರಣವೆಂದು ಅವರು ಸಾಧಿಸಲಿಲ್ಲ. ಅದಕ್ಕೂ ಪಾಲಿರಬಹುದೆಂದು ಮಾತ್ರ ಹೇಳಿದರು. ಆ ಶಿಶುಗಳು ಬಹು ದುರ್ಬಲವಾಗಿದ್ದವು. ನಮ್ಮ ಮನೆಯ ತೊಟ್ಟಿಲಲ್ಲಿರುವ ಪುಷ್ಟವಾದ ಕೂಸಿಗೆ ಅಷ್ಟು ಭಯವಿಲ್ಲ. ಹಾಗಾದರೂ ಪಾಠವು ಸ್ಪಷ್ಟವಾಗಿದೆ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ರೋಗಿಗಳನ್ನು ಮುಟ್ಟಿ ಆರೈಕೆಮಾಡುವವರು ಕೃತಕ ಉಗುರುಗಳನ್ನು ಧರಿಸಬಾರದು, ಸಹಜವಾದ ಉಗುರೂ ಅರ್ಧ ಸೆಂಟಿಮೀಟರಿಗಿಂತ ಉದ್ದವಿರಬಾರದು ಎಂದು ತಿಳಿಸಿತು. ದಾದಿಗೆ ತಕ್ಕ ನಿಯಮವು ತಾಯಿಗೆ ತಕ್ಕದ್ದಲ್ಲವೋ?

1923ರಲ್ಲಿ ಡಾಕ್ಟರ್ ಇವಾ ಲೊಂಬಾರ್ಡ್ ಅವರು ಉಡುಪಿಯಲ್ಲಿ ಆಸ್ಪತ್ರೆಯನ್ನು ತೆರೆದ ಕಾಲದಲ್ಲಿ ನಮ್ಮ ಜಿಲ್ಲೆಯ ಹೆರಿಗೆಗಳು ಬಹುತೇಕ ಮನೆಯಲ್ಲಿಯೇ ಆಗುತ್ತಿದ್ದವು. ಈಗ ಹೆರಿಗೆ ಆಸ್ಪತ್ರೆಗೆ ಹೋಯಿತು. ಮೀಯಿಸುವದು ಮಾತ್ರ ಮನೆಯ ಬಚ್ಚಲಲ್ಲಿಯೇ ಉಳಿಯಿತು. ಚಾಚಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿ, ತೆಂಗಿನೆಣ್ಣೆ ಹಚ್ಚಿ ನೀವಿ, ಹದವಾದ ಬಿಸಿನೀರು ಹೊಯ್ಯುವ ಆ ಕೈಯ ಕೆಲಸವನ್ನು ನೆನೆಯಿರಿ. ಎಲುಬು ಇನ್ನೂ ಕೂಡದ ನೆತ್ತಿಯ ಮೇಲೆ ಬೆರಳಾಡಬೇಕು; ಕತ್ತಿನ ಮಡಿಕೆಗಳನ್ನು ಬಿಡಿಸಬೇಕು; ಒಂದೆರಡು ವಾರ ಹೊಕ್ಕುಳ ಬಳ್ಳಿಯು ಒಣಗಿ ಬೀಳುವ ತನಕ ಅದನ್ನು ಶುಚಿಯಾಗಿಯೂ ಒಣಗಿಯೂ ಇಡಬೇಕು; ಮಲವನ್ನು ತೊಳೆದ ಕೈಯಿಂದಲೇ ಸ್ವಲ್ಪ ಹೊತ್ತಿನಲ್ಲಿ ಹಾಲೂಡಿಸಬೇಕು. ಇಂಥ ಕೆಲಸವನ್ನು ಬೆರಳಿನ ತಿರುಳು ಮಾಡತಕ್ಕದ್ದೇ ಹೊರತು ಉಗುರಿನ ತುದಿಯಲ್ಲ. ಕೆಲವು ಹಿರಿಯರು ಕಫ ತೆಗೆಯುವದಕ್ಕೆಂದು ಕೂಸಿನ ಬಾಯಿಯೊಳಗೆ ಬೆರಳು ಹಾಕುವದುಂಟು. ಅದು ಎಂಥ ಉಗುರಿದ್ದರೂ ಬೇಡ. ಅಂಟಿಸಿದ ಉಗುರಾದರೋ ಕಳಚಿ ಹಾಸಿಗೆಯಲ್ಲಿ ಬಿದ್ದರೆ, ಮುಂದೆ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಪ್ರಾಯದಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವೂ ಉಂಟು.

ಹೀಗಿರುವದರಿಂದ ನಮ್ಮ ಅಭಿಪ್ರಾಯವೇನಂದರೆ: ಹೆರಿಗೆಗೆ ಕೆಲವು ವಾರಗಳ ಮೊದಲೇ ಕೃತಕ ಉಗುರುಗಳನ್ನು ತೆಗೆಸಿಕೊಳ್ಳತಕ್ಕದ್ದು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಅಳೆಯುವ ಸಾಧನಕ್ಕೆ ಅವು ಅಡ್ಡಿಯಾಗಬಹುದೆಂದು ಆಸ್ಪತ್ರೆಗಳಲ್ಲಿಯೂ ಹಾಗೆಯೇ ಹೇಳುವದುಂಟು. ಬಲವಂತವಾಗಿ ಕಿತ್ತರೆ ಸಹಜವಾದ ಉಗುರಿನ ಪದರವೂ ಏಳುವದರಿಂದ, ಹಾಕಿದವರ ಕೈಯಿಂದಲೇ ಕರಗಿಸಿ ತೆಗೆಸುವದು ಲೇಸು. ಹೆರಿಗೆಯ ತರುವಾಯ ಕಡಿಮೆಯೆಂದರೆ 42 ದಿನ ಉಗುರು ಗಿಡ್ಡವಾಗಿರಲಿ. ಈ ಲೆಕ್ಕ ನಮ್ಮ ಸ್ವಂತದ್ದಲ್ಲ. 2011ರಿಂದ ಆಶಾ ಕಾರ್ಯಕರ್ತೆಯರು ಶಿಶುವನ್ನು ನೋಡಲು ಮನೆಗೆ ಬರುವ ಕ್ರಮವು ಏರ್ಪಟ್ಟಿದೆ; ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಆಕೆ ಬರತಕ್ಕದ್ದು. ನಮ್ಮ ಅಜ್ಜಿಯಂದಿರು ಎಣಿಸಿದ ಬಾಳಂತನದ 40 ದಿನಗಳೂ ಹೆಚ್ಚುಕಡಿಮೆ ಅಷ್ಟೇ ಅಲ್ಲವೋ? ಆ ಮೇಲೆಯೂ ಮಗುವಿನ ಕೆಲಸ ಕೈಯಲ್ಲಿರುವ ವರೆಗೆ ಗಿಡ್ಡ ಉಗುರೇ ಒಳ್ಳೇದು. ಹಬ್ಬಕ್ಕೆ ಬಣ್ಣ ಬೇಕಾದರೆ ಗಿಡ್ಡ ಉಗುರಿಗೂ ಬಣ್ಣ ನಿಲ್ಲುವದು.

ಆದರೆ ಈ ನಿಯಮವು ಬಾಳಂತಿಯೊಬ್ಬಳಿಗೇ ಎಂದು ಹೇಳುವದಾದರೆ ನಾವು ಒಪ್ಪುವದಿಲ್ಲ. ಮೀಯಿಸುವಾಕೆಗೂ, ಅಜ್ಜಿಗೂ, ಎತ್ತಿ ಮುದ್ದಾಡುವ ತಂದೆಗೂ ಇದೇ ನಿಯಮ. ನಮ್ಮ ಮೂರೂ ತಾಲೂಕುಗಳಲ್ಲಿ ಎಷ್ಟೋ ಮನೆಗಳ ಅನ್ನವು ಬೀಡಿಯಿಂದ ಬರುತ್ತದೆ. ಆ ದುಡಿಮೆಯನ್ನು ನಾವು ಗೌರವಿಸುತ್ತೇವೆ. ಹೊಗೆಸೊಪ್ಪು ಮುಟ್ಟಿದ ಕೈಯನ್ನು ಸಾಬೂನು ಹಾಕಿ, ಉಗುರಿನ ಸಂದಿಯನ್ನೂ ಉಜ್ಜಿ, 20 ಸೆಕೆಂಡಾದರೂ ತೊಳೆದು ಕೂಸನ್ನು ಮುಟ್ಟಬೇಕೆಂಬದಷ್ಟೇ ನಮ್ಮ ಬಿನ್ನಹ. ಗೆರಸೆಯನ್ನು ತೊಟ್ಟಿಲಿನಿಂದ ದೂರವಿಟ್ಟರೆ ಇನ್ನೂ ಒಳ್ಳೇದು.

ಮಗುವಿನ ಉಗುರನ್ನೂ ಮರೆಯಬಾರದು. ಮಿಂದು ನಿದ್ರೆಹೋದಾಗ ಅದು ಮೆತ್ತಗಿರುತ್ತದೆ. ಆಗ ಬೆರಳಿನ ತುದಿಯ ಮಾಂಸವನ್ನು ಮೆಲ್ಲನೆ ಹಿಂದಕ್ಕೆ ಒತ್ತಿ, ಮೊನೆಯಿಲ್ಲದ ಸಣ್ಣ ಕತ್ತರಿಯಿಂದ ಕತ್ತರಿಸಬಹುದು. ಹಲ್ಲಿನಿಂದ ಕಚ್ಚಿ ತೆಗೆಯುವ ರೂಢಿಯನ್ನು ಬಿಡೋಣ.

ಪ್ರಿಯ ಸಹೋದರಿಯರೇ, ಚೊಚ್ಚಲ ತಾಯಿಯು ನಿದ್ರೆಗೆಟ್ಟವಳು, ನೋವಿನಿಂದ ಬಳಲಿದವಳು, ತನ್ನ ಮೇಲೆಯೇ ನಂಬಿಕೆಯಿಲ್ಲದವಳು. ಅವಳ ಕೈಯನ್ನು ನೆಂಟರ ಮುಂದೆ ಎತ್ತಿ ತೋರಿಸಿ ನಗುವದು ಆರೈಕೆಯಲ್ಲ. ನೀವು ಕೂಸನ್ನು ನೋಡಲು ಹೋಗುವಾಗ ಬಟ್ಟೆಯ ಸಂಗಡ ಒಂದು ಸಾಬೂನನ್ನೂ ಉಗುರು ಕತ್ತರಿಸುವ ಒಂದು ಸಾಧನವನ್ನೂ ಕೊಂಡುಹೋಗಿರಿ. ಮೊದಲು ನಿಮ್ಮ ಕೈಯನ್ನು ತೊಳೆಯಿರಿ. ಆ ಮೇಲೆ ಅವಳ ಪಕ್ಕದಲ್ಲಿ ಕೂತು ಮೆಲ್ಲನೆ ಹೇಳಿರಿ. ಬೆಳ್ತಂಗಡಿಯ ಆ ಮನೆಗೆ ನಾವು ಎರಡನೆಯ ಸಲ ಹೋದಾಗ ಬಾಳಂತಿಯ ಉಗುರು ಗಿಡ್ಡವಾಗಿತ್ತು, ಅಜ್ಜಿಯ ಉಗುರೂ ಗಿಡ್ಡವಾಗಿತ್ತು. ಮಗುವಿನ ಕೆನ್ನೆಯ ಗೀರು ಮಾಯ್ದಿತ್ತು. ಯಾರು ಯಾರಿಗೆ ಹೇಳಿದರೆಂದು ನಾವು ಕೇಳಲಿಲ್ಲ.