ಗೆರೆಯೂ ನಾದವೂ

ಚಿತ್ರ, ಗಣಿತ, ಸಂಗೀತ ಮೂರೂ ಬೇರೆ ಬೇರೆ ಪಿರಿಯಡ್ಡುಗಳೆಂದು ನಮ್ಮ ಶಾಲಾ ವೇಳಾಪಟ್ಟಿ ಹೇಳುತ್ತದೆ. ಅನುಕೂಲಕ್ಕೆ ಅದು ಸರಿ. ಆದರೆ ಮಕ್ಕಳು ಅದನ್ನೇ ಲೋಕಸತ್ಯವೆಂದು ನಂಬಿಬಿಡುವುದು ಸರಿಯಲ್ಲ. ಈ ಗೋಡೆಗಳನ್ನು ಲೆಕ್ಕಿಸದ ಕಲಾವಿದರೊಬ್ಬರನ್ನು ಓದುಗರಿಗೆ ಪರಿಚಯಿಸುವೆ.

ಯಾನಿಸ್ ಕ್ಸೆನಾಕಿಸ್ (1922–2001) ಗ್ರೀಕ್ ಮೂಲದವರು, ಓದಿದ್ದು ಎಂಜಿನಿಯರಿಂಗ್. ಚಂಡೀಗಢವನ್ನು ರೂಪಿಸಿದ ಲ ಕಾರ್ಬೂಸಿಯೆ ಅವರ ಪ್ಯಾರಿಸ್ ಕಚೇರಿಯಲ್ಲಿ 1947ರಿಂದ 1959ರವರೆಗೆ ದುಡಿದರು. 1954ರಲ್ಲಿ ಮುಗಿಸಿದ 'ಮೆಟಾಸ್ಟಾಸಿಸ್' ಎಂಬ ಕೃತಿಗಾಗಿ ತಂತಿವಾದ್ಯಗಳ ಜಾರುಸ್ವರಗಳನ್ನು ಗ್ರಾಫ್ ಕಾಗದದ ಮೇಲೆ ಓರೆಗೆರೆಗಳಾಗಿ ಎಳೆದರು. ಅಂಥವೇ ನೇರ ಗೆರೆಗಳಿಂದ ಹುಟ್ಟುವ ಬಾಗುಮೈಗಳು 1958ರ ಬ್ರಸೆಲ್ಸ್ ವಿಶ್ವಮೇಳದ ಫಿಲಿಪ್ಸ್ ಮಂಟಪಕ್ಕೆ ಗೋಡೆಗಳಾದವು. 1977ರಲ್ಲಿ ಅವರು 'ಯುಪಿಕ್' ಎಂಬ ಯಂತ್ರವನ್ನು ಸಿದ್ಧಪಡಿಸಿದರು. ಹಲಗೆಯ ಮೇಲೆ ಎಲೆಕ್ಟ್ರಾನಿಕ್ ಲೇಖನಿಯಿಂದ ಗೆರೆ ಎಳೆದರೆ ಕಂಪ್ಯೂಟರು ಅದನ್ನು ನಾದವಾಗಿಸುತ್ತಿತ್ತು: ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಶ್ರುತಿ. ಸ್ವರಲಿಪಿಯನ್ನರಿಯದ ಮಕ್ಕಳೂ ಅದರಲ್ಲಿ ಸಂಗೀತ ರಚಿಸಿದರು.

"ಪ್ಯಾರಿಸ್ಸಿನ ಮಾತು ನಮಗೇಕೆ ಮೇಷ್ಟ್ರೇ?" ಎಂದು ಕೇಳುವವರಿದ್ದಾರೆ. ಉತ್ತರ ಮೊಳಕಾಲ್ಮೂರಿನ ರೇಷ್ಮೆ ಮಗ್ಗದಲ್ಲಿದೆ. ಸೀರೆಯ ನವಿಲು ಮೊದಲು ಮೂಡುವುದು ಗ್ರಾಫ್ ಹಾಳೆಯ ಚೌಕಗಳಲ್ಲಿ. ತುಂಬಿದ ಚೌಕಕ್ಕೆ ರಟ್ಟಿನಲ್ಲಿ ತೂತು; ಖಾಲಿ ಚೌಕಕ್ಕೆ ತೂತಿಲ್ಲ. ಆ ರಟ್ಟುಗಳನ್ನು ಓದಿ ಜಕಾರ್ಡ್ ಎಳೆಗಳನ್ನೆತ್ತುತ್ತದೆ. ಹೌದು–ಅಲ್ಲಗಳ ಈ ಲೆಕ್ಕವೇ ಕಂಪ್ಯೂಟರಿನದೂ ಹೌದು. ಲಾಳಿಯ ಓಟಕ್ಕಂತೂ ತನ್ನದೇ ತಾಳವುಂಟು. ಒಬ್ಬರ ಗೆರೆ ನಾದವಾಯಿತು, ಇನ್ನೊಬ್ಬರದು ನೆಯ್ಗೆಯಾಯಿತು. ಇಬ್ಬರೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ನೇಕಾರರ ಮನೆಯ ಮಗುವಿಗೆ ಗಣಿತವೂ ಲಯವೂ ಪರಕೀಯವಲ್ಲವೆಂಬುದನ್ನು ಯಾರಾದರೂ ತಿಳಿಸಬೇಡವೇ?

ಚಳ್ಳಕೆರೆಯ ಬಳಿ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲಾ ಶಿಕ್ಷಕರಿಗೆ ತರಬೇತಿ ನಡೆಯುತ್ತ ಬಂದಿದೆ. ಅಂಥ ಕಡೆ ಒಂದು ದಿನ ನೇಕಾರರೊಬ್ಬರನ್ನೂ ಸಂಗೀತಗಾರರೊಬ್ಬರನ್ನೂ ಗೌರವಧನ ಕೊಟ್ಟು ಗುರುಸ್ಥಾನದಲ್ಲಿ ಕೂರಿಸಬೇಕೆಂಬುದು ನನ್ನ ಅಭಿಪ್ರಾಯ. ತರಗತಿಯಲ್ಲಿ ಮಗು ಗ್ರಾಫ್ ಹಾಳೆಯ ಮೇಲೊಂದು ಗೆರೆಯೆಳೆದು, ಅದು ಏರಿದಲ್ಲಿ ದನಿಯೇರಿಸಿ, ಇಳಿದಲ್ಲಿ ಇಳಿಸಿ ಹಾಡಲಿ. ಖರ್ಚು ಒಂದು ಹಾಳೆ ಮಾತ್ರ.

ಕೂಲಿ ಸಾಲದೆ ಮಗ್ಗ ಬಿಡುವುದು ಬೇರೆ. ಮಗ್ಗದಲ್ಲಿ ವಿದ್ಯೆಯಿಲ್ಲವೆಂದು ಬಿಡುವುದು ಬೇರೆ. ಮೊದಲನೆಯದಕ್ಕೆ ಸರ್ಕಾರ, ಮಾರುಕಟ್ಟೆಗಳು ಉತ್ತರಿಸಬೇಕು. ಎರಡನೆಯದನ್ನು ತಡೆಯುವುದು ಮೇಷ್ಟ್ರುಗಳ ಕೈಯಲ್ಲೇ ಇದೆ.